ಕಡಲು ಕಂಡವರು ಊರು ಕಂಡರೇ?

ಶುಕ್ರವಾರ ರಾತ್ರಿ ಕೃಷ್ಣಗಿರಿಯ ಟೋಲ್ ಗೇಟಿನಲ್ಲಿ ಸಾಲುಗಟ್ಟುವ ಕರ್ನಾಟಕ ನೋಂದಣಿಯ ಕಾರುಗಳಲ್ಲಿ ಹಲವು ಹೊರಟಿರುವುದು ಚೆನ್ನೈಗಲ್ಲ, ಚೆನ್ನೈನ ಮಗ್ಗುಲಿಗೆ. ಶ್ರೀಪೆರಂಬದೂರಿನ ಬಳಿ ಹೆದ್ದಾರಿ ಬಿಟ್ಟು ಬಲಕ್ಕೆ ಹೊರಳಿ ಒರಗಡಂ, ವಂಡಲೂರು, ಕೇಳಂಬಾಕ್ಕಂ ದಾಟಿದರೆ ಮುಂದೆ ಕೋವಳಂನ ಕಡಲು. ನಗರದೊಳಗೆ ಕಾಲಿಡುವ ಗೋಜೇ ಇಲ್ಲ. ಅಲ್ಲಿಂದ ಮಹಾಬಲಿಪುರದವರೆಗೆ ಈಸ್ಟ್ ಕೋಸ್ಟ್ ರಸ್ತೆಯ ಕಡಲ ಬದಿಯಲ್ಲಿ ರೆಸಾರ್ಟುಗಳು, ಬಾಡಿಗೆ ವಿಲ್ಲಾಗಳು. ಎರಡು ರಾತ್ರಿ ವಾಸ, ಈಜುಕೊಳ, ಬಫೆ, ಸೂರ್ಯೋದಯದ ಒಂದಷ್ಟು ಫೋಟೊ. ಭಾನುವಾರ ಮಧ್ಯಾಹ್ನ ಹೊರಟರೆ ರಾತ್ರಿಯೊಳಗೆ ಮನೆ. ಸೋಮವಾರ ಆಫೀಸಿನಲ್ಲಿ ಯಾರಾದರೂ ಕೇಳಿದರೆ ಉತ್ತರ ಸಿದ್ಧ: ‘ಚೆನ್ನೈಗೆ ಹೋಗಿದ್ವಿ.’

ಹೋಗಿದ್ದು ನಿಜ. ಆದರೆ ಕಂಡದ್ದೇನು? ಕಡಲತೀರದಲ್ಲಿ ರಜೆ ಕಳೆದವರು ಆ ನಾಡನ್ನು ಬಲ್ಲೆವೆಂದು ಹೇಳಬಹುದೇ?

ವಾರವಿಡೀ ದುಡಿದು ದಣಿದವರಿಗೆ ಕಡಲ ಮುಂದೆ ಸುಮ್ಮನೆ ಕೂರುವ ಹಕ್ಕಿದೆ. ಅದರಲ್ಲಿ ತಪ್ಪು ಹುಡುಕುವುದು ಸಲ್ಲ. ಒಳನಾಡಿನ ಪ್ರವಾಸವಾದರೆ ನಾಡು ತಾನಾಗಿ ತಿಳಿಯುತ್ತದೆ ಎಂಬ ಮಾತನ್ನೂ ನಂಬಬೇಕಿಲ್ಲ. ಬೆಳಿಗ್ಗೆ ಕಂಚಿ, ಮಧ್ಯಾಹ್ನ ಮಹಾಬಲಿಪುರ, ಸಂಜೆ ಸೀರೆ ಅಂಗಡಿ ಎಂದು ಟೂರಿಸ್ಟ್ ಬಸ್ಸಿನಲ್ಲಿ ಓಡುವವರೂ ಬಹಳವೇನೂ ಕಾಣುವುದಿಲ್ಲ. ನನಗೆ ಹೇಳಬೇಕಿರುವುದು ಬೇರೆ. ಚೆನ್ನೈನ ಮಟ್ಟಿಗೆ, ಊರನ್ನು ಅರಿಯಲು ಕಡಲತೀರಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಆ ಊರು ಹುಟ್ಟಿದ್ದು, ದುಡಿದದ್ದು, ಜಗಳವಾಡಿದ್ದು, ತನ್ನ ನಾಯಕರನ್ನು ಮಣ್ಣು ಮಾಡಿದ್ದು ಎಲ್ಲ ಮರಳಿನ ಮೇಲೆಯೇ. ನಾವು ರಜೆಯನ್ನು ಕಟ್ಟಿಕೊಂಡ ರೀತಿ ಆ ಮರಳನ್ನು ನಮ್ಮ ಕಣ್ಣಿಗೆ ಬೀಳದಂತೆ ಮಾಡಿಬಿಟ್ಟಿದೆ.

ಅಲೆ ದಾಟಿಸಿದವರು

1639ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಡೇ ಸ್ಥಳೀಯ ನಾಯಕರಿಂದ ಪಡೆದದ್ದು ಮರಳಿನ ಒಂದು ಪಟ್ಟಿಯನ್ನು ಮಾತ್ರ. ಅಲ್ಲಿ ಹಡಗು ತಂಗಲು ಕೊಲ್ಲಿ ಇರಲಿಲ್ಲ, ಒಳಗೆ ಬರುವಂಥ ಅಳಿವೆಯೂ ಇರಲಿಲ್ಲ. ಇದ್ದದ್ದು ಒಂದರ ಹಿಂದೊಂದು ಬಂದು ಬಡಿಯುವ ಅಲೆಗಳ ಸಾಲು. ಹಡಗುಗಳು ದೂರದಲ್ಲೇ ಲಂಗರು ಹಾಕುತ್ತಿದ್ದವು. ಅಲ್ಲಿಂದ ದಡಕ್ಕೆ ಜನರನ್ನೂ ಸರಕನ್ನೂ ತರುತ್ತಿದ್ದವರು ಮಸೂಲಾ ದೋಣಿಯ ಅಂಬಿಗರು. ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹುರಿಯಿಂದ ಹೊಲಿದ ದೋಣಿ ಅದು. ಅಲೆ ಅಪ್ಪಳಿಸಿದಾಗ ಬಳುಕುತ್ತಿತ್ತು, ಸೀಳುತ್ತಿರಲಿಲ್ಲ. ಪಕ್ಕದಲ್ಲೇ ಕಟ್ಟುಮರದವರು ಸಾಗುತ್ತಿದ್ದರು. ದೋಣಿ ಮಗುಚಿದರೆ ನೀರಿಗೆ ಬಿದ್ದವರನ್ನು ಮೇಲೆತ್ತುವುದು ಅವರ ಹೊಣೆ.

ಸುಮಾರು ಎರಡು ಶತಮಾನಗಳ ಕಾಲ ಗವರ್ನರಾಗಲಿ, ಸಿಪಾಯಿಯಾಗಲಿ, ಪಾದ್ರಿಯಾಗಲಿ ಕಡಲ ಮೂಲಕ ಮದರಾಸಿಗೆ ಬಂದದ್ದು ಹೀಗೆ. ಹೊರಗಿನಿಂದ ಬಂದವರ ಪ್ರಾಣ ಅಲ್ಲಿದ್ದವರ ಕೈಯಲ್ಲಿತ್ತು. ಅವರ ಜೊತೆ ಮಾತಾಡದೆ, ಕೂಲಿ ಗೊತ್ತುಮಾಡದೆ, ಯಾವ ಹೊತ್ತಿನಲ್ಲಿ ಅಲೆ ಇಳಿಯುತ್ತದೆಂಬ ಅವರ ಅಂದಾಜನ್ನು ನಂಬದೆ ದಡ ಸೇರುವುದು ಸಾಧ್ಯವಿರಲಿಲ್ಲ. ಬಂದವರಲ್ಲಿ ಬಹುಪಾಲು ಜನ ಒಳ್ಳೆಯ ಉದ್ದೇಶದಿಂದ ಬಂದವರಲ್ಲ. ಆದರೂ ತಾವು ಯಾರ ಋಣದಲ್ಲಿ ದಡ ಮುಟ್ಟಿದೆವೆಂಬುದು ಅವರಿಗೆ ಗೊತ್ತಾಗದೆ ಇರುತ್ತಿರಲಿಲ್ಲ.

ಇಂದಿನ ಅತಿಥಿಗೂ ಆ ಋಣವಿದೆ, ಅದು ಕಾಣುವುದಿಲ್ಲ ಅಷ್ಟೆ. ಕೋವಳಂ ಅನ್ನೇ ನೋಡಿ. ಹದಿನೆಂಟನೆಯ ಶತಮಾನದಲ್ಲಿ ಕರ್ನಾಟಿಕ್ ನವಾಬರ ಕೋಟೆಯಿದ್ದ, 1752ರಲ್ಲಿ ರಾಬರ್ಟ್ ಕ್ಲೈವ್ ಗೆದ್ದು ಕೆಡವಿಸಿದ ಊರು ಅದು. ಮೀನುಗಾರರ ಕೇರಿಯಾದ ಕುಪ್ಪಂ, ತಮೀಮ್ ಅನ್ಸಾರಿ ದರ್ಗಾ, ಕಾರ್ಮೆಲ್ ಮಾತೆಯ ಚರ್ಚು ಕೂಗಳತೆಯಲ್ಲಿವೆ. ರೆಸಾರ್ಟಿನ ಕಾಂಪೌಂಡಿನೊಳಗೆ ನಿಂತವರಿಗೆ ಇವುಗಳಲ್ಲಿ ಒಂದೂ ಕಾಣುವುದಿಲ್ಲ. ಬೆಳಿಗ್ಗೆ ಬಲೆ ಬಿಡಿಸಿದವರು ಕಾಂಪೌಂಡಿನ ಹೊರಗಿರುತ್ತಾರೆ, ಆ ಬಲೆಯ ಮೀನು ತಟ್ಟೆಯ ಮೇಲಿರುತ್ತದೆ. ಕೆಲವು ಕಡೆ ಮರಳಿನ ಮೇಲೂ ಹಗ್ಗ ಕಟ್ಟಿ ಕಾವಲುಗಾರರನ್ನು ನಿಲ್ಲಿಸುತ್ತಾರೆ. ಅಲೆ ಬಂದು ಹೋಗುವ ಆ ಮರಳು ಸಾರ್ವಜನಿಕರದು ಎಂಬುದನ್ನು ಅತಿಥಿಗೆ ಯಾರೂ ಹೇಳುವುದಿಲ್ಲ.

ಮರಳು ಎಲ್ಲಿಂದ ಬಂತು?

ಚೆನ್ನೈ ನಗರದೊಳಗೆ ಕಾಲಿಟ್ಟವರು ಮರೀನಾ ನೋಡದೆ ಬರುವುದಿಲ್ಲ. ರಸ್ತೆಯಿಂದ ನೀರಿನವರೆಗೆ ನಡೆದು ಕಾಲು ಸೋಲುವಷ್ಟು ಅಗಲದ ತೀರ. ಇದು ಅನಾದಿಯಿಂದ ಹೀಗೇ ಇತ್ತೆಂದು ತಿಳಿಯುವುದು ಸಹಜ. ಆದರೆ ಒಂದೂವರೆ ಶತಮಾನದ ಹಿಂದೆ ಕಡಲು ಇಂದಿನ ರಸ್ತೆಗೆ ತೀರ ಹತ್ತಿರವಿತ್ತು. 1870ರ ದಶಕದಲ್ಲಿ ಮದರಾಸಿನ ಕೋಟೆಯ ಉತ್ತರಕ್ಕೆ ಬಂದರಿನ ಕಲ್ಲುಕಟ್ಟೆಗಳನ್ನು ಕಡಲೊಳಗೆ ಚಾಚಲು ಶುರುಮಾಡಿದರು. 1881ರ ಚಂಡಮಾರುತ ಅವನ್ನು ಮುರಿಯಿತು, ಮತ್ತೆ ಕಟ್ಟಿದರು.

ಈ ಕರಾವಳಿಯಲ್ಲಿ ವರ್ಷದ ಬಹುಕಾಲ ಅಲೆಗಳು ಮರಳನ್ನು ದಕ್ಷಿಣದಿಂದ ಉತ್ತರಕ್ಕೆ ಸಾಗಿಸುತ್ತವೆ. ಕಟ್ಟೆ ಅಡ್ಡ ಬಂದ ಮೇಲೆ ಮರಳು ಅದರ ದಕ್ಷಿಣಕ್ಕೆ ನಿಂತು ಗುಡ್ಡೆಯಾಯಿತು, ವರ್ಷದಿಂದ ವರ್ಷಕ್ಕೆ ತೀರ ಅಗಲವಾಯಿತು. ಗವರ್ನರ್ ಗ್ರಾಂಟ್ ಡಫ್ ಅಲ್ಲಿ ವಿಹಾರದ ಹಾದಿ ಮಾಡಿಸಿ 1884ರಲ್ಲಿ ಮರೀನಾ ಎಂದು ಹೆಸರಿಟ್ಟರು. ಬಂದರಿನ ಉತ್ತರದ ರಾಯಪುರಂ, ಕಾಸಿಮೇಡು, ತಿರುವೊಟ್ಟಿಯೂರುಗಳಿಗೆ ಬರಬೇಕಿದ್ದ ಮರಳು ಬರಲಿಲ್ಲ. ಕಡಲು ಅಲ್ಲಿ ದಡವನ್ನು ತಿನ್ನುತ್ತಾ ಒಳಗೆ ಬಂತು. ಮನೆ, ಬೀದಿ, ದೋಣಿ ಎಳೆದು ನಿಲ್ಲಿಸುವ ಅಂಗಳಗಳು ನೀರಿನ ಪಾಲಾದವು. ಉತ್ತರ ಚೆನ್ನೈನ ತೀರಕ್ಕೆ ಇಂದು ಕರಿಬಂಡೆಗಳ ತಡೆಗೋಡೆಯೇ ದಡ.

ಮರೀನಾದಲ್ಲಿ ಕುದುರೆ ಸವಾರಿ ಮಾಡುವ ಮಗು ತುಳಿಯುವ ಮರಳು ಹತ್ತು ಕಿಲೋಮೀಟರ್ ಉತ್ತರದ ಇನ್ನೊಂದು ಮಗುವಿನ ಅಂಗಳದಲ್ಲಿ ಇರಬೇಕಿತ್ತು. ಇದು ಯಾರೋ ಒಬ್ಬರ ಕೇಡುಬುದ್ಧಿಯಿಂದ ಆದದ್ದಲ್ಲ. ಆದರೆ ಒಂದು ನಗರ ತನ್ನ ಸುಖವನ್ನು ಎಲ್ಲಿಟ್ಟಿತು, ಭಾರವನ್ನು ಎಲ್ಲಿಟ್ಟಿತು ಎಂಬುದು ಇಲ್ಲಿ ಬರಿಗಣ್ಣಿಗೆ ಕಾಣುತ್ತದೆ. ಉತ್ತರಕ್ಕೆ ಇನ್ನಷ್ಟು ಹೋದರೆ ಎಣ್ಣೂರು. ವಿದ್ಯುತ್ ಸ್ಥಾವರಗಳ ಹಾರುಬೂದಿ ಕೊಸಸ್ತಲೈಯಾರ್ ನದಿಯ ಅಳಿವೆಯಲ್ಲಿ ತುಂಬಿದೆ. 2017ರ ಜನವರಿಯಲ್ಲಿ ಎರಡು ಹಡಗು ಡಿಕ್ಕಿಯಾಗಿ ತೈಲ ದಡಕ್ಕೆ ಬಂದಾಗ ಜನ ಬಕೆಟ್ ಹಿಡಿದು ಅದನ್ನು ಎತ್ತಿದರು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ನೆರೆಯ ಜೊತೆ ಮಣಲಿ ಕೈಗಾರಿಕಾ ಪ್ರದೇಶದ ತೈಲ ಹರಿದು ಬಂದಾಗ ದೋಣಿ, ಬಲೆ, ಮನೆಗೋಡೆ ಎಲ್ಲ ಕಪ್ಪಾದವು. ದಕ್ಷಿಣದ ರೆಸಾರ್ಟುಗಳ ಹವಾನಿಯಂತ್ರಣಕ್ಕೆ ಹರಿಯುವ ವಿದ್ಯುತ್ತಿನಲ್ಲಿ ಉತ್ತರದ ಈ ತೀರದ ಪಾಲೂ ಇದೆ.

ಸಂಜೆಯ ತೀರ, ಬೆಳಗಿನ ತೀರ

ಮರೀನಾಕ್ಕೆ ಸಂಜೆ ಹೋದವರಿಗೆ ಸಿಗುವುದು ಮಾವಿನಕಾಯಿ, ತೆಂಗಿನಕಾಯಿ ತುರಿ ಹಾಕಿದ ಬಟಾಣಿ ಸುಂಡಲ್, ಬಿಸಿ ಮೆಣಸಿನಕಾಯಿ ಬಜ್ಜಿ, ಬಲೂನಿಗೆ ಗುರಿಯಿಡುವ ಬಂದೂಕು, ಸೀರೆಯ ನೆರಿಗೆ ಎತ್ತಿಹಿಡಿದು ಅಲೆಗೆ ಕಾಲೊಡ್ಡಿ ನಗುವ ಅಜ್ಜಿಯರು. ಟಿಕೆಟ್ಟಿಲ್ಲ, ಗೇಟಿಲ್ಲ. ಸಾಹುಕಾರನೂ ಕೂಲಿಯವನೂ ಒಂದೇ ಗಾಳಿಗೆ ಮುಖವೊಡ್ಡಿ ಕೂರುವ ಜಾಗ ನಮ್ಮ ನಗರಗಳಲ್ಲಿ ಇನ್ನೆಷ್ಟು ಉಳಿದಿವೆ? ಬರೀ ಇದಕ್ಕಾದರೂ ಮರೀನಾಕ್ಕೆ ಹೋಗಬೇಕು.

ಆದರೆ ತೀರದ ಯಜಮಾನರನ್ನು ನೋಡಬೇಕಾದರೆ ಬೆಳಿಗ್ಗೆ ಏಳಕ್ಕೆ ಹೋಗಬೇಕು. ಲೈಟ್‌ಹೌಸ್‌ನಿಂದ ದಕ್ಷಿಣಕ್ಕೆ ಪಟ್ಟಿನಪಾಕ್ಕಂ ಕಡೆಗೆ ಸಾಗುವ ಲೂಪ್ ರಸ್ತೆಯ ಬದಿಯಲ್ಲಿ ನೊಚ್ಚಿಕುಪ್ಪಂ ಇದೆ. ನಸುಕಿಗೆ ಮೊದಲೇ ಹೋದ ಫೈಬರ್ ದೋಣಿಗಳು ಮರಳಿ ಬರುವ ಹೊತ್ತು ಅದು. ದೋಣಿ ದಡಕ್ಕೆ ಬಿದ್ದ ಕೂಡಲೇ ಬಲೆ ಬಿಡಿಸುವ ಕೆಲಸ ಗಂಡಸರದು, ಬೆಲೆ ಕೂಗುವ ಕೆಲಸ ಹೆಂಗಸರದು. ನಮ್ಮ ಮಲ್ಪೆ, ಮಂಗಳೂರಿನವರ ಅಂಜಲ್ ಇಲ್ಲಿ ವಂಜರಂ. ಚೌಕಾಸಿ ಮಾಡುವವರನ್ನು ಹೆಂಗಸರು ಗದರುವ ಪರಿ ಮಾತ್ರ ಎರಡೂ ಕರಾವಳಿಗಳಲ್ಲಿ ಒಂದೇ.

ಇವರ ಜೊತೆ ಎರಡು ಮಾತಾಡಿದರೂ ಕಡಲು ಬೇರೆಯದಾಗಿ ಕಾಣುತ್ತದೆ. ಪ್ರವಾಸಿಗೆ ಗಾಳಿ ಎಂದರೆ ಬರೀ ಗಾಳಿ. ಇಲ್ಲಿಯ ಮೀನುಗಾರರಿಗೆ ತೆಂಕಣದಿಂದ ಬೀಸುವುದು ಕಚ್ಚಾನ್, ಬಡಗಣದಿಂದ ಬೀಸುವುದು ವಾಡೈ. ನೀರಿನ ಸೆಳೆತ ಉತ್ತರಕ್ಕಿದ್ದರೆ ತೆಂಡಿ, ದಕ್ಷಿಣಕ್ಕಿದ್ದರೆ ವನ್ನಿ. ಇವುಗಳ ಲೆಕ್ಕದ ಮೇಲೆ ಎಲ್ಲಿ ಯಾವ ಬಲೆ ಬಿಡಬೇಕು, ಹೋಗಬೇಕೇ ಬೇಡವೇ ಎಂಬ ತೀರ್ಮಾನ. ಮರೀನಾದಲ್ಲಿ ಪ್ರತಿವರ್ಷ ಈಜಲು ಇಳಿದು ಪ್ರಾಣ ಕಳೆದುಕೊಳ್ಳುವವರಿದ್ದಾರೆ. ಅವರಲ್ಲಿ ಕುಪ್ಪಂನ ಯಾರನ್ನಾದರೂ ಒಂದು ಮಾತು ಕೇಳಿದ್ದರೆ ಉಳಿಯುತ್ತಿದ್ದವರು ಎಷ್ಟೋ.

ನಮ್ಮ ಮಕ್ಕಳ ಬೇಸಿಗೆ ರಜೆಗೂ ಅವರ ಬದುಕಿಗೂ ಒಂದು ನಂಟಿದೆ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆಯಿಡುವ ಕಾಲವೆಂದು ಈ ಬಿಡುವು. ಕರ್ನಾಟಕದಲ್ಲಿ ಅದು ಜೂನ್, ಜುಲೈ. ಬೆಂಗಳೂರಿನ ಕುಟುಂಬಗಳು ಏಪ್ರಿಲ್, ಮೇ ತಿಂಗಳಲ್ಲಿ ಚೆನ್ನೈ ತೀರಕ್ಕೆ ಬರುವಾಗ ಕಾಸಿಮೇಡು ಬಂದರಿನಲ್ಲಿ ಟ್ರಾಲರುಗಳು ಒಂದಕ್ಕೊಂದು ಆತು ನಿಂತಿರುತ್ತವೆ, ಅವುಗಳ ಕೂಲಿಯವರು ಬೇರೆ ಕೆಲಸ ಹುಡುಕುತ್ತಿರುತ್ತಾರೆ. ನಮಗೆ ಹಬ್ಬವಾದ ತಿಂಗಳು ಅವರಿಗೆ ಕೈ ಬರಿದಾದ ತಿಂಗಳು.

ಮರಳೇ ಸಭಾಂಗಣ

ಭಾರತದಲ್ಲಿ ಮೊದಲ ಮೇ ದಿನಾಚರಣೆ ನಡೆದದ್ದು 1923ರಲ್ಲಿ, ಮದರಾಸಿನ ಕಡಲತೀರದಲ್ಲಿ. ನಡೆಸಿದವರು ಮೀನುಗಾರ ಸಮುದಾಯದಿಂದ ಬಂದ ವಕೀಲ ಸಿಂಗಾರವೇಲರ್. ಟಿಳಕರ ಹೆಸರು ಹೊತ್ತ ಮೈದಾನವೊಂದು ಮರೀನಾದ ಮರಳಿನಲ್ಲಿದೆ. ಸ್ವಾತಂತ್ರ್ಯ ಚಳವಳಿಯ ಸಭೆಗಳು ಅಲ್ಲಿ ಸೇರುತ್ತಿದ್ದವು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಈ ತೀರ ಗುಂಡಿನ ಸದ್ದು ಕೇಳಿತು. ದೇವಿಪ್ರಸಾದ್ ರಾಯ್ ಚೌಧುರಿ ರೂಪಿಸಿದ ‘ಶ್ರಮದ ವಿಜಯ’ ಶಿಲ್ಪದಲ್ಲಿ ನಾಲ್ವರು ಬಂಡೆ ಮೀಟುತ್ತಿದ್ದಾರೆ. 1959ರಿಂದ ಅದು ಅಲ್ಲೇ ಇದೆ, ಪ್ರವಾಸಿಗರು ಅದರ ಮುಂದೆ ಸೆಲ್ಫಿ ತೆಗೆದು ಮುಂದೆ ಹೋಗುತ್ತಾರೆ.

1969ರಲ್ಲಿ ಅಣ್ಣಾದುರೈ ಅವರನ್ನು ಇಲ್ಲಿ ಸಮಾಧಿ ಮಾಡಿದರು. ಆಮೇಲೆ ಎಂಜಿಆರ್, 2016ರಲ್ಲಿ ನಮ್ಮ ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ, 2018ರಲ್ಲಿ ಕರುಣಾನಿಧಿ. ಕರುಣಾನಿಧಿಯವರಿಗೆ ಮರೀನಾದಲ್ಲಿ ಜಾಗ ಕೊಡಬೇಕೇ ಎಂಬ ವಾದವನ್ನು ಮದರಾಸು ಹೈಕೋರ್ಟು ರಾತ್ರೋರಾತ್ರಿ ಕೇಳಬೇಕಾಯಿತು. ತಮ್ಮ ನಾಯಕರು ಕಡಲ ಮುಂದೆ ಮಲಗಲೆಂದು ಇಷ್ಟು ಹಟ ಹಿಡಿಯುವ ಜನರ ಮನಸ್ಸನ್ನು ಅರಿಯಲು ಯಾವ ಮ್ಯೂಸಿಯಮ್ಮೂ ಬೇಕಿಲ್ಲ, ಸಮಾಧಿಗಳ ಮುಂದೆ ಅರ್ಧ ಗಂಟೆ ನಿಂತು ಬರುವವರನ್ನು ನೋಡಿದರೆ ಸಾಕು.

2017ರ ಜನವರಿಯಲ್ಲಿ ಜಲ್ಲಿಕಟ್ಟು ನಿಷೇಧದ ವಿರುದ್ಧ ಸಾವಿರಾರು ವಿದ್ಯಾರ್ಥಿಗಳು ಹಗಲು ರಾತ್ರಿ ಇಲ್ಲೇ ಕೂತರು. ಕೊನೆಯ ದಿನ ಪೊಲೀಸರು ಚದುರಿಸಿದಾಗ ಅವರಿಗೆ ನೀರು, ಅನ್ನ, ಆಸರೆ ಕೊಟ್ಟವರು ಪಕ್ಕದ ಕುಪ್ಪಂನವರು. ಅದೇ ದಿನ ನಡುಕುಪ್ಪಂನ ಮೀನು ಮಾರುಕಟ್ಟೆ ಸುಟ್ಟು ಬೂದಿಯಾಯಿತು.

ಈ ಜನರನ್ನು ತೀರದಿಂದ ಎಬ್ಬಿಸುವ ಯತ್ನ ಹೊಸದಲ್ಲ. 1985ರಲ್ಲಿ ಮರೀನಾವನ್ನು ಅಂದಗೊಳಿಸಲೆಂದು ಕಟ್ಟುಮರ, ಬಲೆಗಳನ್ನು ತೆರವು ಮಾಡಲು ಹೊರಟಾಗ ಎದ್ದ ಪ್ರತಿಭಟನೆ ಗೋಲಿಬಾರಿನಲ್ಲಿ ಮುಗಿಯಿತು, ಮೀನುಗಾರರು ಸತ್ತರು. 2004ರ ಡಿಸೆಂಬರ್ 26ರ ಭಾನುವಾರ ಬೆಳಿಗ್ಗೆ ಸುನಾಮಿ ಬಂತು. ಮರೀನಾದಲ್ಲಿ ವಾಕಿಂಗ್ ಬಂದವರು, ಕ್ರಿಕೆಟ್ ಆಡುತ್ತಿದ್ದ ಹುಡುಗರು, ಶ್ರೀನಿವಾಸಪುರಂನ ಗುಡಿಸಲುಗಳಲ್ಲಿದ್ದವರು ಅದಕ್ಕೆ ಸಿಕ್ಕಿದರು. ಬದುಕಿ ಉಳಿದ ಎಷ್ಟೋ ಕುಟುಂಬಗಳಿಗೆ ಮನೆ ಸಿಕ್ಕಿದ್ದು ಕಡಲಿನಿಂದ ದೂರದ ಸೆಮ್ಮಂಚೇರಿಯಲ್ಲಿ. ನಸುಕಿನಲ್ಲಿ ದೋಣಿ ನೂಕಬೇಕಾದವರು ಅಲ್ಲಿಂದ ತೀರಕ್ಕೆ ಬರುವುದು ಹೇಗೆ? 2023ರಲ್ಲಿ ಲೂಪ್ ರಸ್ತೆಯಲ್ಲಿ ವಾಹನಗಳಿಗೆ ಅಡ್ಡಿಯೆಂದು ಮೀನು ಮಾರುವ ಹೆಂಗಸರ ಅಂಗಡಿಗಳನ್ನು ಕಿತ್ತಾಗ ಅವರು ರಸ್ತೆಗೇ ಅಡ್ಡ ಕೂತರು. ಮರುವರ್ಷ ಅಲ್ಲೇ ಕಟ್ಟಿದ ಹೊಸ ಮಾರುಕಟ್ಟೆ ಶುರುವಾಯಿತು. ಕುಪ್ಪಂ ಮೊದಲಿನಿಂದ ಅಲ್ಲಿತ್ತು, ರಸ್ತೆ ಆಮೇಲೆ ಬಂತು ಎಂಬುದು ಆ ಹೆಂಗಸರ ನೇರ ವಾದ. ಅದಕ್ಕೆ ಎದುರುತ್ತರ ನನಗೆ ಹೊಳೆಯುವುದಿಲ್ಲ.

ದುಡಿಯಲು ಹೋದವರ ಮದರಾಸು

ನಮ್ಮ ಹಿರಿಯರಿಗೆ ಈ ಊರು ರಜೆಯ ಜಾಗವಾಗಿರಲಿಲ್ಲ. 1953ರವರೆಗೆ ಬಳ್ಳಾರಿಗೆ, 1956ರವರೆಗೆ ದಕ್ಷಿಣ ಕನ್ನಡಕ್ಕೆ ಮದರಾಸೇ ರಾಜಧಾನಿ. ಓದಲು, ಕೋರ್ಟಿಗೆ, ನೌಕರಿಗೆ ಹೋಗಬೇಕಾದದ್ದು ಅಲ್ಲಿಗೆ. ಉಡುಪಿ ಸೀಮೆಯಿಂದ ಬರಿಗೈಯಲ್ಲಿ ಹೋದ ಹುಡುಗರು ಹೋಟೆಲುಗಳಲ್ಲಿ ತಟ್ಟೆ ತೊಳೆದು, ಹಿಟ್ಟು ರುಬ್ಬಿ ಮೇಲೆ ಬಂದರು. ಕಡಂದಲೆಯ ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲು ಆರಂಭಿಸಿದರು. 1962ರಲ್ಲಿ ತೆರೆದ ಅವರ ಡ್ರೈವ್-ಇನ್ 2008ರಲ್ಲಿ ಮುಚ್ಚುವವರೆಗೆ ಆ ನಗರದ ಹರಟೆಕಟ್ಟೆಯಾಗಿತ್ತು. 1954ರ ‘ಬೇಡರ ಕಣ್ಣಪ್ಪ’ದ ಕಾಲದಿಂದ ದಶಕಗಳವರೆಗೆ ಕನ್ನಡ ಸಿನಿಮಾ ಹುಟ್ಟುತ್ತಿದ್ದದ್ದು ಮದರಾಸಿನ ಸ್ಟುಡಿಯೊಗಳಲ್ಲಿ. ನಟರು, ಸಾಹಿತಿಗಳು, ತಂತ್ರಜ್ಞರು ಅಲ್ಲೇ ಮನೆ ಮಾಡಿದ್ದರು.

ಇವರಿಗೆ ಮದರಾಸು ಗೊತ್ತಿತ್ತು. ಯಾವ ಬೀದಿಯಲ್ಲಿ ನೀರು ಎಷ್ಟು ಗಂಟೆಗೆ ಬರುತ್ತದೆ, ಯಾವ ಮನೆಯಲ್ಲಿ ಬಾಡಿಗೆಗೆ ಕೇಳಿದರೆ ಮೊದಲು ಜಾತಿ ಕೇಳುತ್ತಾರೆ, ನವೆಂಬರಿನ ಮಳೆಗೆ ಯಾವ ರಸ್ತೆ ಮುಳುಗುತ್ತದೆ ಎಂಬುದೆಲ್ಲ ಅನುಭವದಿಂದ ಬಂದ ತಿಳಿವಳಿಕೆ. ದಿನದ ಕೊನೆಗೆ ಅವರೂ ಮರೀನಾಕ್ಕೆ ಹೋಗಿ ಕೂರುತ್ತಿದ್ದರು. ಅವರಿಗೆ ಅದು ಬೆವರು ಆರಿಸಿಕೊಳ್ಳುವ ಜಾಗ. ಅವರ ಮೊಮ್ಮಕ್ಕಳು ಇಂದು ಅದೇ ಕಡಲಿಗೆ ಹೋಗಿ, ಆ ಊರಿನ ಒಬ್ಬರ ಹೆಸರೂ ತಿಳಿಯದೆ ಮರಳುತ್ತಾರೆ. ದೂರ ಕಡಿಮೆಯಾಗಿದೆ, ರಸ್ತೆ ಚೆನ್ನಾಗಿದೆ, ಪರಿಚಯ ತೆಳುವಾಗಿದೆ.

ಇದು ಬರೀ ನಮ್ಮ ಸಮಸ್ಯೆಯಲ್ಲ. ಮಾಲ್ದೀವ್ಸ್ ದೇಶದಲ್ಲಿ 1972ರಲ್ಲಿ ಪ್ರವಾಸೋದ್ಯಮ ಶುರುವಾದಾಗಿನಿಂದ ರೆಸಾರ್ಟುಗಳಿಗೆಂದು ಜನವಸತಿ ಇಲ್ಲದ ದ್ವೀಪಗಳನ್ನು ಬೇರೆಯಿಟ್ಟರು. ಜನ ವಾಸಿಸುವ ದ್ವೀಪಗಳಲ್ಲಿ ಅತಿಥಿಗೃಹ ನಡೆಸಲು ಅನುಮತಿ ಸಿಕ್ಕಿದ್ದು 2009ರ ಸುಮಾರಿಗೆ. ಅಲ್ಲಿಯವರೆಗೆ ವಾರಗಟ್ಟಲೆ ಇದ್ದು ಹೋದ ಬಹುಪಾಲು ವಿದೇಶಿಯರು ನೋಡಿದ್ದು ಜನರೇ ಇಲ್ಲದ ಒಂದು ದೇಶವನ್ನು. ಅಲ್ಲಿ ಕಡಲು ಅಡ್ಡವಿತ್ತು, ಸರ್ಕಾರದ ನೀತಿಯೂ ಅಡ್ಡವಿತ್ತು. ಕೋವಳಂನಲ್ಲಿ ಅಡ್ಡವಿರುವುದು ಒಂದು ಕಾಂಪೌಂಡು ಮಾತ್ರ. ದಾಟುವುದು ಸುಲಭ, ಮನಸ್ಸು ಬೇಕು.

ಕಾಂಪೌಂಡ್ ದಾಟಿದರೆ

ಎರಡೇ ದಿನದ ರಜೆಯಲ್ಲೂ ಆಗುವಂಥವು ಬೇಕಾದಷ್ಟಿವೆ. ಕೋವಳಂ ರೆಸಾರ್ಟುಗಳಿಗೆ ಹತ್ತಿರದ ಮುಟ್ಟುಕಾಡಿನಲ್ಲಿ ದಕ್ಷಿಣಚಿತ್ರ ಇದೆ. ದಕ್ಷಿಣದ ರಾಜ್ಯಗಳ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿ 1996ರಲ್ಲಿ ತೆರೆದ ವಸ್ತುಸಂಗ್ರಹಾಲಯ. ಇಳಕಲ್ಲಿನ ನೇಕಾರರ ಮನೆ, ಚಿಕ್ಕಮಗಳೂರಿನ ಒಂದು ಮನೆ ಅಲ್ಲಿವೆ. ನಮ್ಮ ಮನೆಯನ್ನು ತಮಿಳು ನೆಲದಲ್ಲಿ ಇಷ್ಟು ಅಕ್ಕರೆಯಿಂದ ಕಾಪಾಡಿದವರ ಪಕ್ಕದ ಅಂಗಳಕ್ಕೆ ಹೋಗಿ ಅವರ ಮನೆಯನ್ನೂ ನೋಡಿ ಬರಬಹುದು.

ಬೆಸೆಂಟ್ ನಗರದ ಎಲಿಯಟ್ಸ್ ತೀರದ ಪಕ್ಕದಲ್ಲೇ ಊರೂರು ಆಲ್ಕಾಟ್ ಕುಪ್ಪಂ ಇದೆ. ಗಾಯಕ ಟಿ.ಎಂ. ಕೃಷ್ಣ, ಪರಿಸರ ಹೋರಾಟಗಾರ ನಿತ್ಯಾನಂದ ಜಯರಾಮನ್ ಮತ್ತು ಕುಪ್ಪಂನ ಜನ ಸೇರಿ 2015ರಲ್ಲಿ ಅಲ್ಲಿ ಕಲಾ ಉತ್ಸವ ಆರಂಭಿಸಿದರು. ಸಭಾಗಳ ಒಳಗೆ ಮಾತ್ರ ಕೇಳುತ್ತಿದ್ದ ಸಂಗೀತ ಮೀನುಗಾರರ ಬೀದಿಗೆ ಬಂತು, ಬೀದಿಯ ಕಲೆಗಳಿಗೂ ಅದೇ ವೇದಿಕೆ ಸಿಕ್ಕಿತು. ಜನವರಿಯಿಂದ ಮಾರ್ಚ್‌ವರೆಗಿನ ರಾತ್ರಿಗಳಲ್ಲಿ ಇದೇ ತೀರಕ್ಕೆ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡಲು ಬರುತ್ತವೆ. 1988ರಿಂದ ವಿದ್ಯಾರ್ಥಿಗಳ ತಂಡವೊಂದು ರಾತ್ರಿಯಿಡೀ ನಡೆದು ಮೊಟ್ಟೆಗಳನ್ನು ಕಾಪಾಡುತ್ತಿದೆ, ವಾರಾಂತ್ಯದಲ್ಲಿ ಜೊತೆಗೆ ನಡೆಯಲು ಸಾರ್ವಜನಿಕರನ್ನೂ ಕರೆಯುತ್ತದೆ. 2025ರ ಜನವರಿಯಲ್ಲಿ ಚೆನ್ನೈನ ತೀರಗಳಿಗೆ ಬಂದು ಬಿದ್ದದ್ದು ನೂರಾರು ಆಮೆಗಳ ಹೆಣ. ದಡದ ಹತ್ತಿರ ಬಲೆ ಎಳೆಯುವ ಟ್ರಾಲರುಗಳ ಮೇಲೆ ಬೊಟ್ಟು ಮಾಡಿದವರಲ್ಲಿ ಸಣ್ಣ ದೋಣಿಯ ಮೀನುಗಾರರೂ ಇದ್ದರು, ಏಕೆಂದರೆ ಆ ಬಲೆಗಳು ಅವರ ಮೀನನ್ನೂ ಬಾಚುತ್ತವೆ. ಹೀಗೆ ಒಂದು ರಾತ್ರಿ ಆಮೆಗಾಗಿ ನಡೆದವರಿಗೆ ಕಡಲ ಒಳಜಗಳವೂ ತಿಳಿಯುತ್ತದೆ.

ಇಷ್ಟು ಮಾಡಿದರೆ ತಮಿಳುನಾಡು ಪೂರ್ತಿ ತಿಳಿದೀತೇ? ಇಲ್ಲ. ಭಾಷೆ ಕಲಿಯದೆ, ಅವರ ಹೊಲಗಳನ್ನೂ ಕಾರ್ಖಾನೆಗಳನ್ನೂ ನೋಡದೆ, ಅವರ ಮನೆಯ ಮದುವೆಗೂ ಸಾವಿಗೂ ಹೋಗದೆ ಯಾವ ನಾಡೂ ತಿಳಿಯುವುದಿಲ್ಲ. ಆದರೆ ತಿಳಿಯಲು ಬೇಕಾದ ಮೊದಲ ಸಂಗತಿ ತೀರದಲ್ಲೇ ಸಿಗುತ್ತದೆ: ನಾವು ಬಂದಿಳಿದ ಜಾಗ ಖಾಲಿಯಾಗಿರಲಿಲ್ಲ.

ನಮ್ಮದೇ ಕರಾವಳಿಗೂ ಈ ಮಾತು ಸಲ್ಲುತ್ತದೆ. ಗೋಕರ್ಣಕ್ಕೂ ಮಲ್ಪೆಗೂ ಬೆಂಗಳೂರಿನಿಂದ ಹೋಗುವವರು ಕಡಲನ್ನು ಕಂಡಷ್ಟು ಕರಾವಳಿಯನ್ನು ಕಾಣುವುದಿಲ್ಲ. ಹೊನ್ನಾವರದ ಕಾಸರಕೋಡು ತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಅದೇ ಕಾಸರಕೋಡಿನ ಟೊಂಕದಲ್ಲಿ ಮೀನುಗಾರರು ಖಾಸಗಿ ಬಂದರಿನ ವಿರುದ್ಧ ವರ್ಷಗಟ್ಟಲೆ ಹೋರಾಡುತ್ತಿದ್ದಾರೆ. ಮೊದಲನೆಯದನ್ನು ಮೆಚ್ಚಿ ಬಂದವರಲ್ಲಿ ಎರಡನೆಯದನ್ನು ಕೇಳಿದವರು ಎಷ್ಟು ಜನ?

ಚೆನ್ನೈನ ವಿಷಯದಲ್ಲಿ ಇದು ನಮಗೆ ಇನ್ನಷ್ಟು ಮುಖ್ಯ. ಕಾವೇರಿಯ ಗಲಾಟೆ ಎದ್ದಾಗಲೆಲ್ಲ ಎರಡೂ ಕಡೆಯವರು ಪರಸ್ಪರ ನೋಡುವುದು ಟಿವಿಯ ಕಣ್ಣಿನಿಂದ. 2016ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳು ಉರಿದವು, ಅತ್ತ ಕನ್ನಡಿಗರ ಹೋಟೆಲಿನ ಮೇಲೂ ಏಟು ಬಿತ್ತು. ಅಂಥ ದಿನಗಳಲ್ಲಿ ಬೇಕಾಗುವುದು ಪರಿಚಯ. ನೊಚ್ಚಿಕುಪ್ಪಂನಲ್ಲಿ ಮೀನು ಕೊಂಡು, ಆ ಹೆಂಗಸಿನ ಬೈಗುಳವನ್ನೂ ನಗುವನ್ನೂ ಕೇಳಿ ಬಂದವರು ‘ತಮಿಳರು ಹೀಗೇ’ ಎಂಬ ಮಾತಿಗೆ ಅಷ್ಟು ಬೇಗ ತಲೆಯಾಡಿಸಲಾರರು. ನೆರೆಯವರನ್ನು ಅರಿಯಲು ವರ್ಷಕ್ಕೊಂದೆರಡು ಸಲ ಸಿಗುವ ಅವಕಾಶವನ್ನು ಈಜುಕೊಳದಲ್ಲಿ ಮುಗಿಸಿ ಬರುವುದು ನಷ್ಟ. ಮುಂದಿನ ಸಲ ಹೋದಾಗ ಒಂದು ಬೆಳಿಗ್ಗೆಯನ್ನಾದರೂ ಕುಪ್ಪಂಗೆ ಕೊಡಿ, ಕೇಳಿದ ಬೆಲೆ ಕೊಟ್ಟು ಮೀನು ಕೊಳ್ಳಿ, ಒಂದು ಮಧ್ಯಾಹ್ನ ಉತ್ತರ ಚೆನ್ನೈ ಕಡೆ ಹೋಗಿ ಬನ್ನಿ. ಆಮೇಲೆ ‘ಚೆನ್ನೈಗೆ ಹೋಗಿದ್ವಿ’ ಎಂದರೆ ಅದಕ್ಕೆ ತೂಕವಿರುತ್ತದೆ.